ವಾಯಿದೆ ಕೇಳದ ಉತ್ತರ

ಒಂದು ಊರು. ಆ ಊರಲ್ಲಿ ಒಂದು ಸಣ್ಣ ಮನೆ. ಆ ಮನೆಯ ಪಡಸಾಲೆಯಲ್ಲಿ ಒಬ್ಬಳು ಹುಡುಗಿ ಬೆಳಿಗ್ಗೆ ಎದ್ದವಳೇ ಅಂಗೈ ಅಗಲದ ಒಂದು ಬಿಳಿ ಬಟ್ಟೆಗೆ ಗಂಜಿ ಹಾಕುತ್ತಿದ್ದಳು. ಅನ್ನ ಬಸಿದ ಗಂಜಿ. ಅದರಲ್ಲಿ ಬಟ್ಟೆಯನ್ನು ಅದ್ದಿದಳು, ಹಿಂಡಿದಳು, ಕೊಡವಿದಳು, ಇನ್ನೂ ಹಸಿ ಇರುವಾಗಲೇ ಇಸ್ತ್ರಿ ಪೆಟ್ಟಿಗೆ ಇಟ್ಟಳು. ಉಸ್ಸೆಂದು ಹಬೆ ಎದ್ದಿತು. ವೈರು ಬಟ್ಟೆಗೆ ತಾಗದಂತೆ ಅವಳ ಅಪ್ಪ ಅದನ್ನು ಎತ್ತಿ ಹಿಡಿದು ನಿಂತಿದ್ದ. ಇಬ್ಬರಲ್ಲಿ ಒಬ್ಬರೂ ಮಾತಾಡಲಿಲ್ಲ.

ನೋಡಿ, ಆ ಅಪ್ಪ ಎಂಥವನು ಗೊತ್ತೇ? ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ಹೆಸರು ಕೂಗುವವನು. ಇಡೀ ದಿನ ಮಾತೇ ಅವನ ಕೆಲಸ. ಮನೆಗೆ ಬಂದರೂ ಅದೇ ಚಾಳಿ. ಮಗಳನ್ನು ಊಟಕ್ಕೆ ಕರೆಯುವಾಗಲೂ, ‘ಅಡಗಿ ಮನಿಗೆ ಹೋಗುವ ಪ್ರಯಾಣಿಕರ ಗಮನಕ್ಕೆ’ ಎನ್ನುವವನು. ತಾಯಿ ಇಲ್ಲದ ಮಗಳನ್ನು ಹಾಗೆ ನಗಿಸುತ್ತಲೇ ಬೆಳೆಸಿದವನು. ಅಂಥವನು ಬಾಯಿ ಮುಚ್ಚಿಕೊಂಡು ವೈರು ಹಿಡಿದು ನಿಂತಿದ್ದಾನೆ ಅಂದರೆ, ಆ ಮನೆಯ ಮೇಲೆ ಏನೋ ಒಂದು ಭಾರ ಕೂತಿದೆ ಎಂದೇ ತಿಳಿಯಬೇಕು.

ಹುಡುಗಿ ವಕೀಲೆ. ಆ ಬಿಳಿ ಬಟ್ಟೆ ವಕೀಲರು ಕೊರಳಿಗೆ ಕಟ್ಟಿಕೊಳ್ಳುವ ಪಟ್ಟಿ. ಅವಳಿಗೆ ದಾನೇಶ್ವರಿ ಅಂತ ಹೆಸರಿಟ್ಟುಕೊಳ್ಳೋಣ. ಯಾರ ಪೈಕಿ, ಯಾವ ಓಣಿ ಎಂದು ಮಾತ್ರ ಕೇಳಬೇಡಿ. ಕೇಳಿದರೆ ನೀವು ಕಥೆ ಬಿಟ್ಟು, ಈ ಮಂಟಪದಿಂದ ಎದ್ದು ಮನೆ ಹುಡುಕಲು ಹೊರಡುತ್ತೀರಿ.

ವಕೀಲಿಯಲ್ಲಿ ಒಂದು ಪದ್ಧತಿ ಇದೆ. ಓದು ಮುಗಿಸಿ ಕರಿ ಕೋಟು ಹಾಕಿದ ಕೂಡಲೇ ಯಾರೂ ನಿಮ್ಮ ಕೈಗೆ ಕೇಸು ಕೊಡುವುದಿಲ್ಲ. ದೊಡ್ಡ ವಕೀಲರೊಬ್ಬರ ಕೈಕೆಳಗೆ ಜೂನಿಯರ್ ಆಗಿ ನಿಲ್ಲಬೇಕು. ಅವರ ಕಡತ ಹೊರಬೇಕು, ಅವರು ಬೈದರೆ ಕೇಳಬೇಕು, ಕೇಳುತ್ತ ಕೇಳುತ್ತ ಕಲಿಯಬೇಕು. ದಾನೇಶ್ವರಿ ಮುಳಗುಂದ ವಕೀಲರ ಕೈಕೆಳಗೆ ಮೂರು ವರ್ಷ ನಿಂತಿದ್ದಳು. ಏನು ಕಲಿತಳು? ವಾಯಿದೆ ಕೇಳುವುದನ್ನು ಕಲಿತಳು. ವಾಯಿದೆ ಅಂದರೆ ಗೊತ್ತಲ್ಲ, ಇವತ್ತು ನಮ್ಮಿಂದ ಆಗುವುದಿಲ್ಲ, ಇನ್ನೊಂದು ತಾರೀಖು ಕೊಡಿ ಎಂದು ನ್ಯಾಯಾಧೀಶರನ್ನು ಬೇಡಿಕೊಳ್ಳುವುದು. ‘ನಮ್ಮ ಸೀನಿಯರ್ ಬ್ಯಾರೆ ಕೋರ್ಟಿನ್ಯಾಗ ಅದಾರ್ರೀ ಸ್ವಾಮಿ, ಒಂದು ವಾಯಿದೆ ಕೊಡಬೇಕ್ರೀ.’ ಬೆಳಿಗ್ಗೆ ಈ ಮಾತು. ಮಧ್ಯಾಹ್ನ ಈ ಮಾತು. ಒಂದು ಸಾಕ್ಷಿಯನ್ನು ನಿಲ್ಲಿಸಿ ಪ್ರಶ್ನೆ ಕೇಳಿದವಳಲ್ಲ, ಒಂದು ವಾದ ಮಾಡಿದವಳಲ್ಲ.

ಒಂದು ಸಲ ಹೀಗೆ ವಾಯಿದೆ ಕೇಳುವಾಗ ಕೇಸಿನ ನಂಬರು ತಪ್ಪಿತು. ತುಂಬಿದ ಕೋರ್ಟು. ಮುಳಗುಂದ ವಕೀಲರು ಹಿಂದಿನಿಂದ ಬಂದವರೇ, ‘ಈಕಿಗೆ ಎಷ್ಟ್ ಹೇಳಿದ್ರೂ ಅಷ್ಟಽ ಸ್ವಾಮಿ, ನನ್ನ ಹಣೇಬರಹ’ ಎಂದುಬಿಟ್ಟರು. ಎಲ್ಲರೂ ನಕ್ಕರು. ಅವಳು ಕೋಟಿನ ತೋಳು ಹಿಡಿದುಕೊಂಡು ಹೊರಗೆ ಬಂದು ಕಂಬದ ಮರೆಗೆ ನಿಂತಳು. ಯಾರಿಗೂ ಹೇಳಲಿಲ್ಲ. ಆದರೆ ಆ ಮಾತು ಗಂಟಲಿಗೆ ಸಿಕ್ಕಿದ ಮೀನಿನ ಮುಳ್ಳಿನ ಹಾಗೆ ಅಲ್ಲೇ ಉಳಿಯಿತು.

ಆ ಹೊತ್ತಿನಲ್ಲಿ ನಗದೇ ಇದ್ದವಳು ಒಬ್ಬಳೇ. ಗಿರಣಿ ಈರವ್ವ. ಬಾಡಿಗೆ ಜಾಗದಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡ ಹೆಂಗಸು. ಜಾಗದ ಮಾಲೀಕ ಅವಳನ್ನು ಬಿಡಿಸಬೇಕೆಂದು ಕೇಸು ಹಾಕಿದ್ದ. ಈರವ್ವನ ವಕೀಲರು ನಮ್ಮ ಮುಳಗುಂದ ವಕೀಲರು. ಮಾಲೀಕನ ಕಡೆಯವರು ಜಾಲಿಹಾಳ ವಕೀಲರು. ಈ ಹೆಸರು ನೆನಪಿಟ್ಟುಕೊಳ್ಳಿ. ಈರವ್ವ ಕಂಬದ ಮರೆಗೆ ಬಂದು, ಹಿಟ್ಟಿನ ವಾಸನೆಯ ಸೆರಗಿನಿಂದ ಹುಡುಗಿಯ ಮುಖ ಒರೆಸಿ, ‘ಅಳಬ್ಯಾಡ ಯವ್ವಾ’ ಎಂದಳು. ಆಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದಳು. ‘ನಂಗ ಕಣ್ಣು ಮಂಜಾಗ್ಯಾವು. ಅಕ್ಷರ ಕಾಣವಲ್ಲವು. ನಾಳೆ ಕಟಕಟ್ಯಾಗ ನಿಲ್ಲಿಸಿ ಕಾಗದ ತೋರಿಸಿ, ಇದು ನಿನ್ನ ಸಹೀನ ಏನು ಅಂದ್ರ ಏನ್ ಹೇಳ್ಲಿ? ಮಾಲಕಗ ತಿಳೀತಂದ್ರ, ಕುಡ್ಡಿಗೆ ಗಿರಣಿ ಯಾಕ ಅಂತಾನ. ನಿನ್ನ ಹೊಟ್ಟ್ಯಾಗ ಇರ್ಲಿ.’

ಕೇಸು ನಡೆಸುವವರು ಅವರೇ ಆದ್ದರಿಂದ ದಾನೇಶ್ವರಿ ಅದನ್ನು ತನ್ನ ಸೀನಿಯರಿಗೆ ಮಾತ್ರ ಹೇಳಿದಳು. ಅವರು ಹೂಂ ಎಂದರು. ಅವತ್ತಿನಿಂದ ಆ ಕೇಸಿಗೆ ವಾಯಿದೆಯ ಮೇಲೆ ವಾಯಿದೆ. ಈರವ್ವನ ಕಣ್ಣಿನ ಆಪರೇಶನ್ ಆಗುವವರೆಗೆ ಹೇಗಾದರೂ ದಿನ ತಳ್ಳಬೇಕು. ತಳ್ಳುವವಳು ಯಾರು? ಇವಳೇ.

ಹೀಗಿರುವಾಗ ಸುದ್ದಿ ಬಂತು. ಜಾಲಿಹಾಳ ವಕೀಲರಿಗೆ ಒಬ್ಬ ಜೂನಿಯರ್ ಬೇಕಂತೆ. ಅವರ ಆಫೀಸಿನಲ್ಲಿ ಜೂನಿಯರುಗಳು ತಾವೇ ವಾದ ಮಾಡುತ್ತಾರಂತೆ. ಕೋರ್ಟಿಗೆ ಹೋಗುವ ಮುಂಚೆ ಬೆಳಿಗ್ಗೆ ಅವರ ಮನೆಯಲ್ಲೇ ಇಂಟರ್ವ್ಯೂ ಅಂತೆ.

ಇನ್ನು ಜಾಲಿಹಾಳ ವಕೀಲರಿಗೂ ಮುಳಗುಂದ ವಕೀಲರಿಗೂ ಎಂಥ ಸಂಬಂಧ? ಊರಿಗೆಲ್ಲ ಗೊತ್ತು, ಹಾವು ಮುಂಗುಸಿ. ಕೋರ್ಟಿನಲ್ಲಿ ಒಬ್ಬರು ಎದ್ದರೆ ಇನ್ನೊಬ್ಬರು ಮೇಜು ಗುದ್ದುತ್ತಿದ್ದರು. ಕಿಟಕಿಯ ಹೊರಗೆ ಜನ ನಿಂತು ನೋಡುತ್ತಿದ್ದರು. ದಾನೇಶ್ವರಿಯೂ ಹಾಗೇ ತಿಳಿದಿದ್ದಳು. ಅವಳು ನೋಡಿದ್ದು ಕೋರ್ಟಿನ ಒಳಗೆ ಮಾತ್ರ. ಮಧ್ಯಾಹ್ನ ಊಟದ ಹೊತ್ತಿಗೆ ಗಂಡಸು ವಕೀಲರು ತಮ್ಮ ಕೋಣೆಗೆ ಹೋಗುತ್ತಿದ್ದರು, ಹೆಣ್ಣುಮಕ್ಕಳಿಗೆ ಅದರ ಪಕ್ಕದಲ್ಲಿ ಬೇರೆ ಕೋಣೆ. ನಡುವೆ ಒಂದೇ ಗೋಡೆ. ಗೋಡೆಯ ಆ ಕಡೆ ಯಾರು ಯಾರ ಜೊತೆ ಕೂತು ಉಣ್ಣುತ್ತಾರೆ, ಅವಳು ನೋಡಿದವಳಲ್ಲ.

ಹಿಂದಿನ ದಿನ ಸಂಜೆ ಅಪ್ಪ ಒಂದೇ ಮಾತು ಹೇಳಿದ್ದ: ‘ಮುಳಗುಂದ ವಕೀಲ್ರಿಗೆ ಒಂದು ಮಾತು ಹೇಳಿ ಹೋಗವ್ವಾ.’

‘ಹೇಳಿದ್ರ ಬಿಡ್ತಾರೇನು ಅಪ್ಪಾ? ಇದೊಂದು ಸಲ ನೋಡ್ತೀನಿ. ಆಗಲಿಲ್ಲಂದ್ರ ಈ ಕೋಟು ತಗದಿಡ್ತೀನಿ. ವಕೀಲಿ ಸಾಕು.’

ಅಲ್ಲಿಗೆ ಮಾತು ನಿಂತಿತ್ತು. ಅಪ್ಪ ವೈರು ಹಿಡಿದು ಸುಮ್ಮನೆ ನಿಂತದ್ದು ಅದಕ್ಕೆ. ಓದಿಸಿದ ಮಗಳು ಕೋಟು ತೆಗೆದಿಡುತ್ತೇನೆ ಅಂದರೆ ಯಾವ ಅಪ್ಪನಿಗೆ ಮಾತು ಹೊರಡುತ್ತದೆ, ಹೇಳಿ?

ಸರಿ, ಹೋದಳು. ಜಾಲಿಹಾಳ ವಕೀಲರ ಮನೆಯ ಮುಂದಿನ ಕೋಣೆಯೇ ಆಫೀಸು. ಹೊರಗೆ ಒಂದು ಬೆಂಚು. ಅವಳಿಗಿಂತ ಮೊದಲೇ ಒಬ್ಬ ಟೈ ಕಟ್ಟಿದ ಹುಡುಗ ಒಳಗೆ ಹೋಗಿದ್ದ. ಅವನೂ ಇನ್ನೊಬ್ಬ ವಕೀಲರ ಜೂನಿಯರ್. ಬಾಗಿಲು ಅರ್ಧ ತೆರೆದಿತ್ತು. ಮಾತೆಲ್ಲ ಕೇಳಿಸುತ್ತಿತ್ತು. ಅವನದು ಮಾತೆಂದರೆ ಮಾತು! ಒಂದು ಕೇಳಿದರೆ ನಾಲ್ಕು ಹೇಳುತ್ತಿದ್ದ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ. ಗೊತ್ತಿರುವ ಕಲಮನ್ನೂ ಹೇಳಿದ, ಗೊತ್ತಿಲ್ಲದ ಕಲಮನ್ನೂ ಹೇಳಿದ. ಆಮೇಲೆ ತನ್ನ ಹಳೆಯ ಸೀನಿಯರ್ ಹೇಗೆ ಮೂಗಿನಲ್ಲಿ ವಾದ ಮಾಡುತ್ತಾರೆ, ಹೇಗೆ ಕಡತದ ಮೇಲೆ ನಿದ್ದೆ ಹೋಗುತ್ತಾರೆ ಎಂದು ಅವರ ದನಿಯಲ್ಲೇ ಮಾಡಿ ತೋರಿಸಿದ. ಒಳಗೆ ಜಾಲಿಹಾಳ ವಕೀಲರು ಬಿದ್ದು ಬಿದ್ದು ನಗುತ್ತಿದ್ದರು. ನಗು ಅಂದರೆ, ಬೆಂಚು ಅದುರುವಂಥ ನಗು.

ಹುಡುಗ ಹೊರಗೆ ಬಂದವನೇ ದಾನೇಶ್ವರಿಯ ಹತ್ತಿರ ಬಗ್ಗಿ, ‘ಮುದುಕನ ಮರ್ಮ ಸಿಕ್ತು ನೋಡ್ರಿ ಮೇಡಂ’ ಎಂದ. ‘ಹಳೇ ಸೀನಿಯರ್‌ನ ಬೈದ್ರ ಸಾಕು, ಕುಣೀತಾನ. ನಿಮ್ಮವರಂತೂ ಅವನ ವೈರಿ. ಒಂದೀಟು ಉಪ್ಪು ಖಾರ ಹಚ್ಚಿ ಹೇಳ್ರಿ. ಆದ್ರ ನನ್ನ ಕೆಲಸ ಕಸಗೋಬ್ಯಾಡ್ರಿ ಮತ್ತ!’ ಕಣ್ಣು ಮಿಟುಕಿಸಿ ಹೋದ.

ಈಗ ನೋಡಿ ಆ ಹುಡುಗಿಯ ಮನಸ್ಸು. ಗಂಟಲಿನ ಮುಳ್ಳು ಅಲ್ಲಾಡಿತು. ತುಂಬಿದ ಕೋರ್ಟಿನ ಆ ನಗು ಕಿವಿಯಲ್ಲಿ ಮತ್ತೆ ಕೇಳಿಸಿತು. ಹೇಳಲು ಅವಳ ಹತ್ತಿರ ಇಲ್ಲವೇ? ಬೇಕಾದಷ್ಟಿದೆ. ಸುಳ್ಳು ಹೇಳುವ ಅಗತ್ಯವೂ ಇಲ್ಲ, ಎಲ್ಲ ನಿಜವೇ. ನಿಜ ಹೇಳಿದರೆ ತಪ್ಪೇನು? ಹೀಗಂದುಕೊಂಡೇ ನಾವೆಲ್ಲ ಬಾಯಿ ತೆರೆಯುವುದು, ಅಲ್ಲವೇ? ನಿಜ ತಾನೇ, ನಿಜ ತಾನೇ ಎಂದುಕೊಂಡೇ.

ಒಳಗೆ ಕರೆದರು. ಜಾಲಿಹಾಳ ವಕೀಲರು ದಪ್ಪ ಕನ್ನಡಕದ ಮೇಲಿನಿಂದ ನೋಡಿದರು.

‘ಕುಂಡ್ರು ತಂಗಿ. ಮುಳಗುಂದನ ಆಫೀಸಿನ್ಯಾಗ ಏನ್ ಮಾಡ್ತಿದ್ದಿ ಇಷ್ಟ್ ದಿನ?’

ಬೇರೆ ಉತ್ತರ ಸಿದ್ಧ ಮಾಡಿಕೊಂಡು ಬಂದಿದ್ದಳು. ಇಂಥ ಕೇಸು ನಡೆಸಿದೆ, ಅಂಥ ಕೇಸು ಗೆದ್ದೆ ಎಂದು ಕನ್ನಡಿಯ ಮುಂದೆ ಹೇಳಿ ಹೇಳಿ ಬಾಯಿಪಾಠ ಮಾಡಿದ್ದಳು. ಆದರೆ ಎದುರಿಗಿರುವವರು ದಿನವೂ ಅದೇ ಕೋರ್ಟಿನಲ್ಲಿ ನಿಲ್ಲುವವರು. ಅವರಿಗೆ ಗೊತ್ತಿಲ್ಲದ್ದೇನು? ಬಾಯಿಪಾಠವೆಲ್ಲ ಹಾರಿಹೋಯಿತು.

‘ವಾಯಿದೆ ಕೇಳೀನ್ರೀ ಸರ್.’

‘ಬರೇ ವಾಯಿದೆ?’

‘ಬರೇ ವಾಯಿದೇರಿ.’

ಜಾಲಿಹಾಳ ವಕೀಲರಿಗೆ ನಗು ಬಂತು. ಆದರೆ ಆ ಹುಡುಗನಿಗೆ ನಕ್ಕ ನಗುವಲ್ಲ ಅದು. ಸಣ್ಣ ನಗು. ‘ವಾಯಿದೆ ಚಲೋ ಕೇಳ್ತಿ ನೀನು. ನಾ ನೋಡೀನಿ. ನ್ಯಾಯಾಧೀಶರು ಸಿಟ್ಟಿನ್ಯಾಗಿದ್ದ ದಿನ ಬಾಯಿ ಮುಚ್ಚಿ ನಿಂತು, ಸಿಟ್ಟು ಇಳಿದ ಮ್ಯಾಲೆ ಕೇಳ್ತಿ.’ ಆಮೇಲೆ ಮೈ ಮುಂದೆ ಚಾಚಿ ಕೇಳಿದರು: ‘ಆತು. ಮುಳಗುಂದ ಮನಿಷ್ಯಾ ಹೆಂಗ? ಖರೇ ಹೇಳು.’

ಬಂತು. ಬೇಕಾದ ಪ್ರಶ್ನೆಯೇ ಬಂತು. ದಾನೇಶ್ವರಿ ಬಾಯಿ ತೆರೆದಳು. ‘ಅವರು...’ ಎಂದಳು. ಅಷ್ಟರಲ್ಲಿ ಒಳಬಾಗಿಲಿನ ಪರದೆ ಸರಿಸಿ ಜಾಲಿಹಾಳ ವಕೀಲರ ಹೆಂಡತಿ ಬಂದರು. ‘ಮುಂಜಾನೆ ಹಸಕೊಂಡ ಬಂದಿರ್ತಾವು ಹುಡುಗರು, ನಿಮ್ಮ ಪ್ರಶ್ನಿ ಆಮ್ಯಾಲೆ ಇರ್ಲಿ’ ಎನ್ನುತ್ತ ಅವಳ ಮುಂದೆ ಅವಲಕ್ಕಿಯ ತಾಟು ಇಟ್ಟು ಹೋದರು.

ಸ್ಟೀಲಿನ ತಾಟು. ನಮ್ಮ ಮನೆಗಳಲ್ಲಿ ಪಾತ್ರೆಗೆ ಹೆಸರು ಕೊರೆಸುತ್ತೇವೆ, ಹೌದಲ್ಲವೇ? ಮದುವೆಯಲ್ಲಿ ಬಂದ ಕೊಡ, ಸೀಮಂತದಲ್ಲಿ ಬಂದ ತಾಟು, ಎಲ್ಲದರ ಅಂಚಿಗೂ ಚುಕ್ಕಿ ಚುಕ್ಕಿಯಾಗಿ ಹೆಸರು. ಈ ಹುಡುಗಿ ಮಾತು ಕಡಿಮೆ, ನೋಟ ಜಾಸ್ತಿ. ತಾಟಿನ ಅಂಚು ನೋಡಿದಳು. ಏನಿತ್ತು ಅಲ್ಲಿ? ‘ಸೌ. ಶಿವಲೀಲಾ ಮುಳಗುಂದ.’

ಅವಳ ಸೀನಿಯರ್ ಹೆಂಡತಿಯ ಹೆಸರು!

ತಾಯಂದಿರೇ, ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಮನೆಯ ತಾಟು ಇನ್ನೊಂದು ಮನೆಯ ಅಡುಗೆ ಕೋಣೆಗೆ ಯಾವಾಗ ಹೋಗುತ್ತದೆ? ಹಬ್ಬಕ್ಕೆ ಹೋಳಿಗೆ ಇಟ್ಟು ಕಳಿಸಿದಾಗ. ಮತ್ತೆ ಖಾಲಿ ತಾಟು ಹಿಂದಿರುಗಿಸಬಾರದು, ಏನಾದರೂ ಮಾಡಿದಾಗ ಹಾಕಿ ಕೊಡೋಣ ಎಂದು ಅಲ್ಲೇ ಉಳಿದಾಗ. ವೈರಿಗಳ ಮನೆಯ ತಾಟು ಹೀಗೆ ಓಡಾಡುತ್ತದೆಯೇ? ಊರು ಹಾವು ಮುಂಗುಸಿ ಎಂದುಕೊಂಡ ಇಬ್ಬರು ಗಂಡಸರ ಮನೆಗಳಲ್ಲಿ ಹೋಳಿಗೆ ಓಡಾಡುತ್ತಿತ್ತು. ಜಗಳ ಕೋರ್ಟಿನದು. ಕೋಟು ಬಿಚ್ಚಿದ ಮೇಲೆ ಜಗಳವೂ ಮೊಳೆಗೆ ತೂಗುತ್ತಿತ್ತು.

ತಾಟು ಒಂದು ಗಳಿಗೆ ತಡವಾಗಿ ಬಂದಿದ್ದರೆ? ಬಾಯಲ್ಲಿದ್ದುದೆಲ್ಲ ಹೊರಗೆ ಬಿದ್ದಿದ್ದರೆ? ಅವಲಕ್ಕಿಯ ಒಂದು ತುತ್ತು ತೆಗೆದುಕೊಂಡು, ನೀರು ಕುಡಿದು, ನಿಧಾನವಾಗಿ ಹೇಳಿದಳು.

‘ಅವರು ಸಿಟ್ಟಿನವರ್ರೀ. ನನ್ನ ಕೋರ್ಟಿನ್ಯಾಗ ಬೈದಾರ. ನಂಗ ಕೆಟ್ಟನಸಿತ್ತು. ಆದ್ರ ಒಂದು ಕಡತಾನೂ ಓದಲಾರದ ಅವರು ಕೋರ್ಟಿಗೆ ಬಂದದ್ದು ನಾ ನೋಡಿಲ್ರೀ. ಕಡತ ಓದೋದು ಅವರಿಂದಽ ಕಲ್ತೀನಿ.’

ಇದೂ ನಿಜವೇ. ಮುಳ್ಳನ್ನೇ ನೋಡುತ್ತ ಕೂತಿದ್ದಾಗ ಈ ನಿಜ ಅವಳಿಗೆ ಕಂಡಿರಲಿಲ್ಲ.

ಆಹಾ, ಎಂಥ ಒಳ್ಳೆಯ ಹುಡುಗಿ ಎಂದು ತಲೆ ಆಡಿಸುತ್ತಿದ್ದೀರಿ. ಅವಸರ ಮಾಡಬೇಡಿ. ಇಲ್ಲಿ ಅವಳ ದೊಡ್ಡತನ ಏನೂ ಇಲ್ಲ. ಹೆದರಿದಳು, ಬಾಯಿ ಮುಚ್ಚಿದಳು. ಇಲ್ಲಿ ಅವಳನ್ನು ಕಾಪಾಡಿದ್ದು ತಾಟು. ನಿಜವಾದ ಪರೀಕ್ಷೆ ಇನ್ನು ಮುಂದಿದೆ.

ಜಾಲಿಹಾಳ ವಕೀಲರು ಕನ್ನಡಕ ತೆಗೆದು ಒರೆಸುತ್ತ, ಏನೋ ಹವೆಯ ಬಗ್ಗೆ ಮಾತಾಡಿದ ಹಾಗೆ, ‘ಅಂದಂಗ ಆ ಗಿರಣಿ ಈರವ್ವನ ಕೇಸಿನ್ಯಾಗ ಇಷ್ಟ್ಯಾಕ ವಾಯಿದೆ ತಗೋತೀರಿ ನೀವು?’ ಎಂದರು. ‘ಇವತ್ತ ಮಧ್ಯಾಹ್ನ ಐತಲ್ಲ ಆ ಕೇಸು? ಇವತ್ತೂ ವಾಯಿದೇನ ಏನು?’

ಈಗ ಏನು ಮಾಡಬೇಕು ಅವಳು? ಈಗ ತಾಟು ಬೇರೆಯದನ್ನೇ ಹೇಳುತ್ತಿತ್ತು ನೋಡಿ. ಇವರಿಬ್ಬರೂ ಗೆಳೆಯರು. ಒಬ್ಬರ ಮನೆಯ ಹೋಳಿಗೆ ಇನ್ನೊಬ್ಬರು ತಿನ್ನುವವರು. ಹೇಳಿದರೇನು? ಬಹುಶಃ ಇವರಿಗೆ ಗೊತ್ತೇ ಇದ್ದೀತು. ಹೇಳದಿದ್ದರೆ, ಸೊಕ್ಕಿನ ಹುಡುಗಿ ಎಂದಾರು. ಕೆಲಸ ಹೋಗುತ್ತದೆ. ಕೋಟು ಗೂಟಕ್ಕೆ ಹೋಗುತ್ತದೆ. ಅಪ್ಪನ ಮುಖ ಕಣ್ಣ ಮುಂದೆ ಬಂತು. ಒಂದೇ ಮಾತು. ‘ಈರವ್ವಗ ಕಣ್ಣು ಕಾಣವಲ್ಲವು.’ ಅಷ್ಟೇ. ಯಾರಿಗೆ ಗೊತ್ತಾಗುತ್ತದೆ?

ಆದರೆ ಅವಳಿಗೆ ಹಿಟ್ಟಿನ ವಾಸನೆ ನೆನಪಾಯಿತು. ಸೆರಗಿನಿಂದ ಮುಖ ಒರೆಸಿದ ಕೈ ನೆನಪಾಯಿತು. ಈ ಇಬ್ಬರು ವಕೀಲರು ವೈರಿಗಳಾಗಲಿ, ಗೆಳೆಯರಾಗಲಿ, ಅದು ಅವರದು. ಕಣ್ಣು ಮಾತ್ರ ಈರವ್ವನದು. ಆ ಹೋಳಿಗೆಯ ತಾಟಿನಲ್ಲಿ ಈರವ್ವನ ಪಾಲು ಎಲ್ಲಿದೆ?

‘ಅದನ್ನ ನಾ ಹೇಳಂಗಿಲ್ರೀ ಸರ್.’

‘ಹೇಳಂಗಿಲ್ಲ? ನಾಳೆ ನನ್ನ ಆಫೀಸಿಗೆ ಬರಾಕಿ ನೀನು. ನನಗಽ ಹೇಳಂಗಿಲ್ಲ?’

‘ಇಲ್ರೀ.’

‘ವಿಚಾರ ಮಾಡಿ ಹೇಳು. ಬೇಕಾದ್ರ ಒಂದು ವಾಯಿದೆ ತಗೋ. ಅದರಾಗ ಹುಷಾರದಿಯಲ್ಲ!’

ಚುಚ್ಚಿದರು. ಅವಳು ಎದ್ದು ನಿಂತಳು.

‘ಇದಕ್ಕ ವಾಯಿದೆ ಬ್ಯಾಡ್ರೀ ಸರ್. ಎಂದ ಕೇಳಿದ್ರೂ ಇದಽ ಉತ್ತರ.’

ಜಾಲಿಹಾಳ ವಕೀಲರು ಕನ್ನಡಕ ಹಾಕಿಕೊಂಡರು. ‘ಆತು, ಹೋಗು’ ಎಂದರು. ಅಷ್ಟೇ. ಬಾ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಅವಲಕ್ಕಿ ಅರ್ಧ ಹಾಗೇ ಉಳಿದಿತ್ತು.

ಹೊರಗೆ ಬಂದು ಅಪ್ಪನಿಗೆ ಫೋನು ಮಾಡಿದಳು. ಹಿಂದಿನಿಂದ ಬಸ್ಸುಗಳ ಗದ್ದಲ. ‘ಹೋತಪ್ಪಾ’ ಎಂದಳು.

ಮಧ್ಯಾಹ್ನ ಊಟದ ಹೊತ್ತು. ಅವಳು ಹೆಣ್ಣುಮಕ್ಕಳ ಕೋಣೆಯಲ್ಲಿ ಡಬ್ಬಿ ಬಿಚ್ಚದೆ ಕೂತಿದ್ದಳು. ಗೋಡೆಯ ಆ ಕಡೆಯಿಂದ ಒಂದು ನಗು ಕೇಳಿಸಿತು. ಬೆಂಚು ಅದುರಿಸುವ ಅದೇ ನಗು. ಅದರ ಹಿಂದೆಯೇ ಇನ್ನೊಂದು ನಗು. ಅದು ಮುಳಗುಂದ ವಕೀಲರದು. ಮೂರು ವರ್ಷದಲ್ಲಿ ಅವರು ನಗುವುದನ್ನು ಅವಳು ಕೇಳಿರಲೇ ಇಲ್ಲ! ಬಾಗಿಲಲ್ಲಿ ಯಾರೋ ಬಂದು, ‘ನಿಮ್ಮ ಸೀನಿಯರ್ ಕರೀತಾರ್ರೀ’ ಎಂದರು. ಮುಗಿಯಿತು ಎಂದುಕೊಂಡೇ ಎದ್ದಳು.

ಮುಳಗುಂದ ವಕೀಲರು ಪಡಸಾಲೆಯ ಕಂಬದ ಹತ್ತಿರ ಒಬ್ಬರೇ ನಿಂತಿದ್ದರು. ಅದೇ ಕಂಬ.

‘ಜಾಲಿಹಾಳನ ಮನಿಗೆ ಹೋಗಿದ್ದೆಂತ?’

‘ಹೌದ್ರೀ.’

‘ಬ್ಯಾರೆ ಕಡೆ ಹೋಗೋದು ತಪ್ಪಲ್ಲ. ಹೇಳದ ಹೋಗೋದು ತಪ್ಪು. ನನ್ನ ಮುಂದ ಹೇಳಾಕ ಏನಾಗಿತ್ತು ನಿನಗ?’

‘ತಪ್ಪಾತ್ರೀ ಸರ್. ಅಂಜಿಕಿ ಆತ್ರೀ.’

ಅವರು ಕಂಬದ ಕಡೆ ನೋಡಿದರು. ಅಂಜಿಸಿದವರು ಯಾರು ಎಂದು ಅವರಿಗೂ ಹೊಳೆದಿರಬೇಕು. ಆಮೇಲೆ ದನಿ ಇಳಿಸಿ ಹೇಳಿದರು: ‘ಈರವ್ವನ ಬಗ್ಗೆ ಕೇಳಿದನಂತ. ಹೇಳಲಿಲ್ಲಂತ ನೀನು. ಅಂವ ನಿನ್ನ ಪರೀಕ್ಷಾ ಮಾಡಾಕೂ ಕೇಳ್ಯಾನ, ಖರೇನೂ ಕೇಳ್ಯಾನ. ಹೇಳಿದ್ದಿ ಅಂದ್ರ ಇವತ್ತ ಮಧ್ಯಾಹ್ನನ ಈರವ್ವನ್ನ ಕಟಕಟೀಗೆ ಹತ್ತಸ್ತಿದ್ದ. ನಿನಗ ಕೆಲಸಾನೂ ಕೊಡ್ತಿದ್ದಿಲ್ಲ.’

‘ಆ ಟೈ ಹುಡುಗಗ ಕೊಟ್ರೇನ್ರೀ?’ ಬಾಯಿ ತಪ್ಪಿ ಕೇಳಿಬಿಟ್ಟಳು.

‘ಅವಗ? ಜಾಲಿಹಾಳ ಅಂದ, ನಗೋದು ನಕ್ಕೆ, ಭಾಳ ದಿನಕ್ಕ ಹೊಟ್ಟಿ ತುಂಬ ನಕ್ಕೆ. ಆದ್ರ ಅವನ್ನ ಮನ್ಯಾಗ ಇಟಗೊಂಡ್ರ ನಾಳೆ ನನ್ನ ದನಿ ತಗದು ಇನ್ನೊಬ್ಬರ ಮನ್ಯಾಗ ನಗಸ್ತಾನ ಅಂತ.’ ಮುಳಗುಂದ ವಕೀಲರ ತುಟಿ ಒಂದಿಷ್ಟು ಅಲುಗಿತು. ‘ಕೆಲಸ ನಿನಗಽ. ಆದ್ರ ಒಂದು ಕರಾರು. ಈರವ್ವನ ಕೇಸು ಮುಗಿಯೋತನಕ ನೀ ಅವನ ಹೊಸ್ತಿಲಾ ತುಳಿಯಂಗಿಲ್ಲ. ಒಂದು ಕೇಸಿನ್ಯಾಗ ಎರಡೂ ಕಡೆ ಕೂಡಾಕ ಆಗಂಗಿಲ್ಲ. ಮೊದಲ ನನ್ನ ಎದುರಿಗೆ ನಿಲ್ಲಲಿ, ಆಮ್ಯಾಲೆ ನನ್ನ ಬಾಜೂಕ ನಿಲ್ಲಲಿ ಅಂದಾನ. ಈರವ್ವನ ಸಾಕ್ಷಿ ನೀನಽ ನಡಸು.’

ಅವಳು ಅಳಲಿಲ್ಲ. ಕಂಬಕ್ಕೆ ಬೆನ್ನು ಆನಿಸಿ ನಕ್ಕಳು. ಗಂಟಲಿನ ಮುಳ್ಳು ಯಾವಾಗ ಇಳಿಯಿತೋ ಅವಳಿಗೇ ತಿಳಿಯಲಿಲ್ಲ.

ಆ ಮಧ್ಯಾಹ್ನವೇ ಕೇಸು ಕರೆದರು. ದಾನೇಶ್ವರಿ ಎದ್ದು ವಾಯಿದೆ ಕೇಳಿದಳು. ತಕ್ಷಣ ಜಾಲಿಹಾಳ ವಕೀಲರು ಮೇಜು ಗುದ್ದಿ ಎದ್ದರು. ‘ಸ್ವಾಮಿ, ಬಂದಾಗೊಮ್ಮೆ ವಾಯಿದೆ! ಇವರಿಗೆ ಇದನ್ನ ಬಿಟ್ಟು ಬ್ಯಾರೆ ಏನರ ಬರ್ತೈತೇನು?’ ಬೆಳಿಗ್ಗೆ ಅವಲಕ್ಕಿ ಕೊಟ್ಟ ಮನೆಯವರೇ! ಬೇರೆ ದಿನವಾಗಿದ್ದರೆ ಅವಳು ಕುಗ್ಗಿ ಹೋಗುತ್ತಿದ್ದಳು. ಅವತ್ತು ನೆಟ್ಟಗೆ ನಿಂತು, ‘ಬರ್ತೈತ್ರೀ ಸ್ವಾಮಿ. ಇದು ಕಡೀ ವಾಯಿದೆ. ಮುಂದಿನ ತಾರೀಖಿಗೆ ಸಾಕ್ಷಿ ನಾನಽ ನಡಸ್ತೀನಿ’ ಎಂದಳು. ನ್ಯಾಯಾಧೀಶರು ಮುಳಗುಂದ ವಕೀಲರ ಕಡೆ ನೋಡಿದರು. ಅವರು ಮೇಲಿನ ಫ್ಯಾನು ನೋಡುತ್ತ ಕೂತಿದ್ದರು. ತಾರೀಖು ಸಿಕ್ಕಿತು.

ಹೊರಗೆ ಬಂದಾಗ ಜಾಲಿಹಾಳ ವಕೀಲರು ಪಕ್ಕದಲ್ಲೇ ಹಾದು ಹೋಗುತ್ತ, ‘ಚಲೋ ಬೈದೆನೇನು?’ ಎಂದರು.

‘ಚಲೋ ಬೈದ್ರಿ ಸರ್.’

ಈರವ್ವ ಕೈ ಚಾಚಿ ಅವಳ ಕೋಟು ತಡವಿ ಹಿಡಿದಳು. ‘ಏನಾತ ಯವ್ವಾ?’

‘ಆರಾಮ ಕಣ್ಣು ಮಾಡಿಸಿಕೊಂಡ ಬಾ ಈರವ್ವಾ. ನಾ ಅದೀನಿ.’

ಸಂಜೆ ಮನೆಗೆ ಬಂದು ಅಪ್ಪನಿಗೆ ಎಲ್ಲ ಹೇಳಿದಳು. ಅಪ್ಪ ಮೂಗು ಹಿಡಿದು, ಮೈಕಿನ ದನಿ ತೆಗೆದು, ‘ಪ್ರಯಾಣಿಕರ ಗಮನಕ್ಕೆ. ತಡವಾಗಿ ಚಲಿಸುತ್ತಿದ್ದ ಬಸ್ಸು ಈಗ ನಿಲ್ದಾಣಕ್ಕೆ ಬಂದಿರುತ್ತದೆ!’ ಎಂದು ಕೂಗಿದ. ಓಣಿಯ ಜನ ಬಾಗಿಲಿಗೆ ಬಂದು ನೋಡಿದರು.

ಕೇಸು ಏನಾಯಿತು ಎನ್ನುತ್ತೀರಾ? ಕಣ್ಣು ಮಾಡಿಸಿಕೊಂಡು ಬಂದ ಈರವ್ವ ಕಟಕಟೆಯಲ್ಲಿ ನಿಂತು ಕಾಗದ ಹಿಡಿದು ಅಕ್ಷರ ಅಕ್ಷರ ಓದಿದಳು. ಗಿರಣಿ ಇವತ್ತಿಗೂ ಓಡುತ್ತಿದೆ.

ಈಗ ಹೇಳಿ. ಇದು ವಕೀಲರ ಕಥೆ, ನಮಗೇನು ಎಂದುಕೊಂಡಿರಾ? ಕೆಲಸ ಕೇಳಲು ಹೊರಟ ವಕೀಲ ಮಕ್ಕಳು ಇಲ್ಲಿದ್ದರೆ ನಿಮಗೆ ಇದು ನೇರವಾಗಿಯೇ ಆಯಿತು. ಹೊತ್ತಿಗೆ ಸರಿಯಾಗಿ ಹೋಗಿ, ಕೋಟಿನ ಗುಂಡಿ ಹಾಕಿಕೊಳ್ಳಿ ಎಂದು ಯಾರಾದರೂ ಹೇಳುತ್ತಾರೆ. ನಾನು ಹೇಳುವುದು ಇಷ್ಟು. ಮಾಡದ ಕೆಲಸ ಮಾಡಿದೆ ಎನ್ನಬೇಡಿ. ತಿಳಿಯದ್ದನ್ನು ತಿಳಿದೆ ಎನ್ನಬೇಡಿ. ಹೊಸಬರನ್ನು ನಗಿಸಲು ಹಳಬರನ್ನು ಬಳಸಬೇಡಿ. ನಿಮ್ಮನ್ನು ನಂಬಿ ಬಂದವರ ಗುಟ್ಟು ನಿಮ್ಮ ಜಾಣತನ ತೋರಿಸುವ ಸಾಮಾನಲ್ಲ. ಹೊರಡುವ ಮೊದಲು, ಹೊರಡುತ್ತೇನೆ ಎಂದು ಹೇಳಿ.

ಇನ್ನು ಉಳಿದವರು, ನೀವು ದಿನವೂ ಇಂಟರ್ವ್ಯೂ ಕೊಡುತ್ತಿಲ್ಲವೇ? ಹೊಸ ಓಣಿಗೆ ಮನೆ ಬದಲಿಸಿದ ಮೊದಲ ದಿನ ಪಕ್ಕದ ಮನೆಯವಳು ಚಹಾ ಕೊಟ್ಟು ಕೇಳುತ್ತಾಳೆ, ಹಳೇ ಮನೆ ಮಾಲೀಕರು ಹೇಗಿದ್ದರು? ಶುರು! ಬೇರೆ ಸಂಸಾರ ಹೂಡಿದ ತಮ್ಮನನ್ನು ಮಾವನ ಮನೆಯವರು ಕೇಳುತ್ತಾರೆ, ಅಣ್ಣ ಹೇಗೆ? ಶುರು! ತವರಿಗೆ ಬಂದ ಮಗಳನ್ನು ತಾಯಿಯೇ ಕೇಳುತ್ತಾಳೆ, ಅತ್ತೆ ಏನೆಂದಳು? ಕೇಳುವವರೂ ಕಡಿಮೆಯಿಲ್ಲ. ಹೊಸದಾಗಿ ಕೆಲಸಕ್ಕೆ ಬಂದ ಹೆಣ್ಣುಮಗಳನ್ನು ಕೂರಿಸಿ, ಆ ಮನೆಯಲ್ಲಿ ರಾತ್ರಿ ಜಗಳವಂತೆ ಹೌದೇ ಎಂದು ಕೇಳುವವರು ಯಾರು? ನಾವೇ ಅಲ್ಲವೇ? ಅವಳು ಹೇಳಿದರೆ ನಗುತ್ತೇವೆ. ನಕ್ಕ ಮೇಲೆ, ನಾಳೆ ನಮ್ಮದನ್ನೂ ಹೇಳುತ್ತಾಳೆ ಎಂದು ಬೀರುವಿನ ಬೀಗದ ಕೈ ಬಚ್ಚಿಡುತ್ತೇವೆ.

ಆ ನಗುವನ್ನು ನಂಬಬೇಡಿ. ಬಾಯಿಗೆ ಬಂದಾಗಲೆಲ್ಲ ಒಳಗಿನಿಂದ ಒಂದು ತಾಟು ಬಂದು ನಿಮ್ಮನ್ನು ತಡೆಯುವುದಿಲ್ಲ. ಒಂದು ಸಲ ಬರಬಹುದು. ಎರಡನೆಯ ಸಲ ನೀವೇ ನಿಲ್ಲಬೇಕು.

ನಾಳೆಯಿಂದ ಮಾಡಿ. ಯಾರಾದರೂ ಹಳಬರ ಬಗ್ಗೆ ಕೇಳಿದರೆ, ಅವರಿಂದ ಕಲಿತದ್ದನ್ನು ಮೊದಲು ಹೇಳಿ. ಸೊಸೆಯಾದವಳು ಅತ್ತೆ ಕಲಿಸಿದ ಒಂದು ಅಡುಗೆ ಹೇಳಲಿ. ಬೇರೆಯಾದ ತಮ್ಮ, ಅಣ್ಣ ಸೈಕಲ್ ಕಲಿಸಿದ್ದನ್ನು ಹೇಳಲಿ. ಇನ್ನೊಬ್ಬರು ನಿಮ್ಮ ಹೊಟ್ಟೆಯಲ್ಲಿ ಇಟ್ಟದ್ದನ್ನು ಕೇಳಿದರೆ, ಹೇಳುವುದಿಲ್ಲ ಎನ್ನಿ. ಆಮೇಲೆ ನೋಡೋಣ ಎನ್ನಬೇಡಿ. ಅದಕ್ಕೆ ವಾಯಿದೆ ಇಲ್ಲ.

ನಾಳೆಯವರೆಗೆ ಯಾಕೆ ಕಾಯಬೇಕು? ಇಲ್ಲೇ ಶುರು ಮಾಡೋಣ. ನೀವು ಬಿಟ್ಟು ಬಂದವರು ಯಾರಾದರೂ ಇರುತ್ತಾರೆ. ಅವರ ಬಗ್ಗೆ ಒಂದು ಒಳ್ಳೆಯ ಮಾತು ಹೇಳಿ. ಒಂದೇ ಸಾಕು. ಮುಂದಿನ ಸಾಲಿನವರು? ನೆಲ ನೋಡುತ್ತಿದ್ದೀರಿ. ಈ ಕಡೆ? ಕಂಬಕ್ಕೆ ಒರಗಿದ ಅಣ್ಣಂದಿರು? ಒಂದು ಕೆಟ್ಟ ಮಾತು ಹೇಳಿ ಎಂದಿದ್ದರೆ ಇಷ್ಟು ಹೊತ್ತಿಗೆ ನಿಮ್ಮ ಗದ್ದಲಕ್ಕೆ ಮಂಟಪದಲ್ಲಿ ನನ್ನ ದನಿ ಕೇಳಿಸುತ್ತಿರಲಿಲ್ಲ.

ಇನ್ನೊಮ್ಮೆ ಕೇಳುತ್ತೇನೆ. ಯಾರಾದರೂ ಒಬ್ಬರು ಹೇಳಿ.